ಗೆರೆ ಒಂದು ಹೆಚ್ಚಾದರೆ: ಇಸವಿಯ ರೋಮನ್ ಬರಹ ಮತ್ತು ಕಳವಾರ ಸೀಮೆಯ ಕಾಲಲೆಕ್ಕ

ಕಳವಾರ ಬೆಟ್ಟದ ಸುತ್ತಲಿನ ಸೀಮೆಯ ಶಾಸನ ಓದಬೇಕೆಂದವರು ಮೊದಲು ತೆರೆಯುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವನ್ನು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಅದು ಕೋಲಾರ ಜಿಲ್ಲೆಯ ಸಂಪುಟ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಲುಗಳೆಲ್ಲ ಪುಸ್ತಕದಲ್ಲಿ ಇವತ್ತಿಗೂ ಕೋಲಾರದ ಲೆಕ್ಕಕ್ಕೇ ಸೇರಿವೆ. ವಿದ್ವಾಂಸರ ಅಡಿಟಿಪ್ಪಣಿಗಳಲ್ಲಿ ಈ ಸಂಪುಟಕ್ಕೆ ಇರುವ ಗುರುತು ಒಂದೇ ಅಕ್ಷರ, ರೋಮನ್ ಲಿಪಿಯ ಎಕ್ಸ್. ಆ ಎಕ್ಸ್‌ಗೆ ಎಡಗಡೆ ಒಂದು ಗೆರೆ ಬಿದ್ದರೆ ಒಂಬತ್ತು, ಅಂದರೆ ಬೆಂಗಳೂರು ಜಿಲ್ಲೆ. ಬಲಗಡೆ ಬಿದ್ದರೆ ಹನ್ನೊಂದು, ಚಿತ್ರದುರ್ಗ. ಬಲಗಡೆ ಎರಡು ಬಿದ್ದರೆ ತುಮಕೂರು. ಅಚ್ಚಿನ ಮೊಳೆ ಜೋಡಿಸುವವನ ಕೈ ಒಂದು ಗೆರೆಯಷ್ಟು ತಪ್ಪಿದರೆ ನಂದಿಯ ಶಾಸನ ಹುಡುಕಿ ಹೊರಟವರು ಚಿತ್ರದುರ್ಗದ ಕೋಟೆ ಸೇರುತ್ತಾರೆ.

ಇದು ಸಂಪುಟದ ಸಂಖ್ಯೆಯ ಮಾತಾಯಿತು. ಇದೇ ಬರಹದಲ್ಲಿ ಇಸವಿಗಳನ್ನೂ ಬರೆಯುವ ರೂಢಿ ಒಂದಿದೆ. ಯುರೋಪಿನ ಕಟ್ಟಡಗಳ ನೆತ್ತಿಯ ಮೇಲೆ, ಹಳೆಯ ಪುಸ್ತಕಗಳ ಮುಖಪುಟದಲ್ಲಿ, ಇಂಗ್ಲಿಷ್ ಸಿನಿಮಾದ ಕೊನೆಯಲ್ಲಿ ಓಡುವ ಅಕ್ಷರಗಳಲ್ಲಿ ಅದು ಕಾಣುತ್ತದೆ. ಈಚೆಗೆ ಬೆಳಗಿನ ಜಾವ ಕಳವಾರ ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಹುಡುಗ ಹುಡುಗಿಯರ ಮುಂಗೈ ಹಚ್ಚೆಗಳಲ್ಲೂ ಕಾಣತೊಡಗಿದೆ. ಇದರ ಹಿಂದಿನ ಕ್ರಮವೇನು, ಅದನ್ನು ಓದುವುದು ಹೇಗೆ, ಕಾಲ ಬರೆಯುವ ನಮ್ಮ ಸೀಮೆಯ ಹಳೆಯ ಕ್ರಮಗಳ ಪಕ್ಕದಲ್ಲಿಟ್ಟರೆ ಅದು ಎಷ್ಟರದು ಎಂದು ಒಮ್ಮೆ ನೋಡುವುದು ಈ ಲೇಖನದ ಕೆಲಸ. ರೋಮನ್ ಅಕ್ಷರಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಹಾಗೆ ಬರೆದಾಗಲೇ ಅದರ ಉದ್ದ ಎಷ್ಟೆಂದು ತಿಳಿಯುತ್ತದೆ.

ಮೊದಲು ಓದುವ ವಿಧಾನ. ಐ ಎಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ದೊಡ್ಡದರ ಬಲಕ್ಕೆ ಚಿಕ್ಕದು ಬಂದರೆ ಕೂಡಬೇಕು, ಎಡಕ್ಕೆ ಬಂದರೆ ಕಳೆಯಬೇಕು. ಕಳೆಯುವ ಜೋಡಿಗಳು ಆರೇ ಆರು: ನಾಲ್ಕು, ಒಂಬತ್ತು, ನಲವತ್ತು, ತೊಂಬತ್ತು, ನಾನೂರು, ಒಂಬೈನೂರು. ರೈಸ್ ಸಂಪುಟದ 1905 ಎಂಬುದು ಎಂ-ಸಿಎಂ-ವಿ ಆಗುತ್ತದೆ: ಸಾವಿರ, ಒಂಬೈನೂರು, ಐದು. 1999ನ್ನು ಸಾವಿರದ ಎಡಕ್ಕೆ ಒಂದು ಗೆರೆ ಹಾಕಿ ಮುಗಿಸುವಂತಿಲ್ಲ. ಐ ಅಕ್ಷರ ಕಳೆಯುವುದು ವಿ ಮತ್ತು ಎಕ್ಸ್‌ಗಳಿಂದ ಮಾತ್ರ. ಆದ್ದರಿಂದ ಎಂ-ಸಿಎಂ-ಎಕ್ಸ್‌ಸಿ-ಐಎಕ್ಸ್ ಎಂದು ಸಾವಿರ, ನೂರು, ಹತ್ತು, ಬಿಡಿಗಳನ್ನು ಒಂದೊಂದಾಗಿಯೇ ಬರೆಯಬೇಕು. 1888 ಬರೆಯಲು ಹದಿಮೂರು ಅಕ್ಷರ ಬೇಕು: ಎಂ-ಡಿ-ಸಿಸಿಸಿ-ಎಲ್-ಎಕ್ಸ್‌ಎಕ್ಸ್‌ಎಕ್ಸ್-ವಿ-ಐಐಐ. ಹನ್ನೆರಡು ವರ್ಷ ದಾಟಿ 1900ಕ್ಕೆ ಬಂದರೆ ಮೂರೇ ಅಕ್ಷರ, 2000ಕ್ಕೆ ಎರಡೇ. ಬರಹದ ಉದ್ದಕ್ಕೂ ವರ್ಷದ ದೊಡ್ಡತನಕ್ಕೂ ಸಂಬಂಧವೇ ಇಲ್ಲ. ಎರಡು ಇಸವಿಗಳಲ್ಲಿ ಯಾವುದು ಮೊದಲು ಎಂದು ಅಂಕಿಯಲ್ಲಿ ನೋಡಿದೊಡನೆ ತಿಳಿಯುತ್ತದೆ, ಇಲ್ಲಿ ಎರಡನ್ನೂ ಬಿಡಿಸಿದ ಮೇಲಷ್ಟೇ ತಿಳಿಯುತ್ತದೆ.

ಈ ಆರು ಜೋಡಿಗಳ ನಿಯಮವೂ ಶಾಲೆಯ ಪುಸ್ತಕದಲ್ಲಿರುವಷ್ಟು ಗಟ್ಟಿಯಾಗಿ ಹೊರಗೆ ಎಂದೂ ಇರಲಿಲ್ಲ. ರೋಮಿನ ಕೊಲೋಸಿಯಂ ರಂಗಮಂದಿರದ ಬಾಗಿಲೊಂದರ ಮೇಲೆ 44 ಎಂಬುದನ್ನು ನಲವತ್ತಕ್ಕೆ ಕಳೆಯುವ ಜೋಡಿ, ನಾಲ್ಕಕ್ಕೆ ನಾಲ್ಕು ಗೆರೆ ಹಾಕಿ ಬರೆದಿದ್ದಾರೆ. ಒಂದೇ ಸಂಖ್ಯೆಯಲ್ಲಿ ಎರಡು ಪದ್ಧತಿ. ಗೋಡೆ ಗಡಿಯಾರಗಳ ಮುಖದಲ್ಲಿ ಇಂದಿಗೂ ನಾಲ್ಕು ಗಂಟೆಗೆ ನಾಲ್ಕು ಗೆರೆಗಳೇ ಹೆಚ್ಚು. ಲಂಡನ್ನಿನ ಅಡ್ಮಿರಾಲ್ಟಿ ಕಮಾನಿನ ಮೇಲೆ 1910 ಎಂಬುದು ಎಂ-ಡಿ-ಸಿಸಿಸಿಸಿ-ಎಕ್ಸ್ ಆಗಿದೆ, ಒಂಬೈನೂರಕ್ಕೆ ಐನೂರರ ಪಕ್ಕ ನಾಲ್ಕು ಸಿ. ಅಮೆರಿಕದ ಸೇಂಟ್ ಲೂಯಿಸ್ ಕಲಾ ಸಂಗ್ರಹಾಲಯದಲ್ಲಿ 1903ನ್ನು ಎಂ-ಡಿ-ಸಿಡಿ-ಐಐಐ ಎಂದು ಕೆತ್ತಿದ್ದಾರೆ: ಸಾವಿರ, ಐನೂರು, ಅದರ ಮೇಲೆ ನಾನೂರು. ಯಾವುದೂ ತಪ್ಪೆಂದು ಸಾಧಿಸಲಾಗದು, ಯಾವುದೂ ಪಾಠದ ಪ್ರಕಾರ ಸರಿಯೂ ಅಲ್ಲ.

ಇನ್ನೊಂದು ಸೋಜಿಗವಿದೆ. ರೋಮನರು ತಮ್ಮ ವರ್ಷಗಳನ್ನು ಸಾಮಾನ್ಯವಾಗಿ ಈ ಅಂಕಿಗಳಲ್ಲಿ ಎಣಿಸುತ್ತಿರಲಿಲ್ಲ. ಆ ವರ್ಷ ಅಧಿಕಾರದಲ್ಲಿದ್ದ ಇಬ್ಬರು ಕಾನ್ಸುಲರ ಹೆಸರೇ ವರ್ಷದ ಹೆಸರು. ಇಂಥ ರಾಜ ಪೃಥ್ವೀರಾಜ್ಯಂ ಗೆಯ್ಯುತ್ತಿರೆ ಎಂದು ಶುರುವಾಗುವ ನಮ್ಮ ಶಾಸನಗಳಿಗೆ ಇದು ಹತ್ತಿರದ ಕ್ರಮ. ಕ್ರಿಸ್ತನಿಂದ ವರ್ಷ ಎಣಿಸುವ ಲೆಕ್ಕವನ್ನು ಡಯೊನೀಸಿಯಸ್ ಎಂಬ ಸನ್ಯಾಸಿ 525ರಲ್ಲಿ ಹಾಕಿಕೊಟ್ಟ. ಅದು ಯುರೋಪಿನಲ್ಲಿ ಹರಡಲು ಶತಮಾನಗಳೇ ಹಿಡಿದವು. ಎಂ ಅಕ್ಷರದಿಂದ ಆರಂಭವಾಗುವ ಉದ್ದನೆಯ ಇಸವಿ ರೋಮ್ ಸಾಮ್ರಾಜ್ಯದ್ದಲ್ಲ, ಅದು ಬಿದ್ದು ಎಷ್ಟೋ ಕಾಲದ ಮೇಲೆ ಬಂದ ಚರ್ಚು, ಮಠ, ಅಚ್ಚುಕೂಟಗಳದ್ದು. 1202ರಲ್ಲಿ ಫಿಬೊನಾಚಿ ನಮ್ಮ ದೇಶದ ಅಂಕಿಗಳನ್ನು ಇಟಲಿಯ ವರ್ತಕರಿಗೆ ಪುಸ್ತಕ ಬರೆದು ತಿಳಿಸಿದ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಆ ಹೊಸ ಅಂಕಿ ಬಳಸಬಾರದೆಂದು ಕಟ್ಟಳೆ ಮಾಡಿತು. ಕಟ್ಟಳೆ ಉಳಿಯಲಿಲ್ಲ. ವ್ಯಾಪಾರ, ಖಗೋಳ, ಕೊನೆಗೆ ಅಡುಗೆಮನೆಯ ಲೆಕ್ಕ ಎಲ್ಲವೂ ಹೊಸ ಅಂಕಿಗೆ ಹೊರಳಿದವು. ರೋಮನ್ ಬರಹ ಗೌರವದ ಜಾಗಗಳಿಗೆ ಮೀಸಲಾಯಿತು. ನ್ಯೂಟನ್‌ನ ‘ಪ್ರಿನ್ಸಿಪಿಯಾ’ದ ಒಳಗೆಲ್ಲ ಲೆಕ್ಕ ನಡೆಯುವುದು ನಮ್ಮ ಅಂಕಿಗಳಲ್ಲಿ. ಮುಖಪುಟದ 1687 ಮಾತ್ರ ಎಂ-ಡಿ-ಸಿ-ಎಲ್-ಎಕ್ಸ್‌ಎಕ್ಸ್‌ಎಕ್ಸ್-ವಿ-ಐಐ.

ಹಾಗೆಂದು ರೋಮನರನ್ನು ನೋಡಿ ನಗುವ ಅವಸರ ಬೇಡ. ಬ್ರಾಹ್ಮಿಯ ಕಾಲದ ನಮ್ಮ ಅಂಕಿಗಳಲ್ಲೂ ಹತ್ತಕ್ಕೆ, ಇಪ್ಪತ್ತಕ್ಕೆ, ನೂರಕ್ಕೆ ಬೇರೆ ಬೇರೆ ಚಿಹ್ನೆಗಳಿದ್ದು ಅವನ್ನು ಕೂಡಿಯೇ ಓದಬೇಕಿತ್ತು. ಸ್ಥಾನಬೆಲೆ, ಸೊನ್ನೆ ಬರಹಕ್ಕೆ ಇಳಿದದ್ದು ಆಮೇಲೆ. ಶ್ಯಾನುಭೋಗರ ಕಡತದಲ್ಲಿ ಕಾಲಿಗೆ ಒಂದು ಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು ಗೆರೆ ಎಳೆಯುತ್ತಿದ್ದುದೂ ಇದೇ ಜಾತಿಯ ಬರಹ.

ನಮ್ಮ ಸೀಮೆಗೆ ರೋಮನ್ ಅಂಕಿ ಬಂದ ದಾರಿ ನಾಣ್ಯದ್ದು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಆಧಿಪತ್ಯಕ್ಕಾಗಿ ಹೊರಡಿಸಿದ 1808ರ ತಾಮ್ರದ ಕಾಸುಗಳ ಮೇಲೆ ಬೆಲೆ ರೋಮನ್ನಿನಲ್ಲಿದೆ. ಎಕ್ಸ್ ಕ್ಯಾಶ್ ಎಂದರೆ ಹತ್ತು ಕಾಸು, ಎರಡು ಎಕ್ಸ್ ಇದ್ದರೆ ಇಪ್ಪತ್ತು. ಇಸವಿ ಮಾತ್ರ ಸಾದಾ ಅಂಕಿಗಳಲ್ಲಿ 1808. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ತಾಮ್ರದ ನಾಣ್ಯಗಳಲ್ಲೂ ಕನ್ನಡದ ‘ಮಯಿಲಿ ಕಾಸು’ ಜೊತೆಗೆ ರೋಮನ್ ಇಪ್ಪತ್ತು ಇದೆ. 1833ರಿಂದ 1843ರವರೆಗೆ ಬೆಂಗಳೂರಿನಲ್ಲಿ ಟಂಕಿಸಿದ ಸಿಂಹದ ಕಾಸುಗಳಲ್ಲಿಯೂ ಅಷ್ಟೇ, ಬೆಲೆ ರೋಮನ್ನು, ಇಸವಿ ಅಂಕಿ. ಮುಂದೆ ಎಡ್ವರ್ಡ್, ಜಾರ್ಜ್‌ರ ಬೆಳ್ಳಿ ರೂಪಾಯಿ ಬಂದಾಗ ರಾಜ ಎಷ್ಟನೆಯವನು ಎಂಬುದು ರೋಮನ್, ವರ್ಷ ಮತ್ತೆ ಅಂಕಿ. ಆಳುವವರೇ ಆದರೂ ಜನರ ಕೈಗೆ ಹೋಗುವ ಕಾಸಿನ ಮೇಲೆ ಇಸವಿಯನ್ನು ರೋಮನ್ನಿನಲ್ಲಿ ಬರೆಯುವ ಗೋಜಿಗೆ ಇಲ್ಲಿ ಹೋಗಲಿಲ್ಲ. ತಮ್ಮ ಊರಲ್ಲಿ ಹೋಗಿದ್ದರು. 1851ರಿಂದ 1887ರವರೆಗೆ ಬ್ರಿಟನ್ನಿನಲ್ಲಿ ಬಂದ ‘ಗಾಥಿಕ್ ಫ್ಲಾರಿನ್’ ನಾಣ್ಯದ ಮೇಲೆ ಇಸವಿ ಹಳೆಗಾಲದ ಚೂಪು ಅಕ್ಷರದ ರೋಮನ್ ಬರಹದಲ್ಲಿದೆ.

ರಾಜರ ಕ್ರಮಸಂಖ್ಯೆಗೆ ನಮ್ಮಲ್ಲಿ ರೋಮನ್ ಅಂಕಿಯ ಅಗತ್ಯವೇ ಬೀಳಲಿಲ್ಲ. ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬುವು ಆ ಕೆಲಸವನ್ನು ಮಾತಿನಲ್ಲೇ ಮಾಡಿಬಿಡುತ್ತವೆ. ನಂದಿಯ ಭೋಗನಂದೀಶ್ವರ ದೇಗುಲದ ಮೊದಲ ದಾಖಲೆಗಳಲ್ಲಿ ಬರುವ ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದ. ದಾಖಲೆಯ ಕಾಲ ಸುಮಾರು 806.

ನಂದಿಯ ಹೆಸರು ಬಂದ ಮೇಲೆ ಟಿಪ್ಪು ಸುಲ್ತಾನನನ್ನು ಬಿಟ್ಟು ಹೋಗುವಂತಿಲ್ಲ. ಅವನು ಹುಟ್ಟಿದ್ದು ಪಕ್ಕದ ದೇವನಹಳ್ಳಿಯಲ್ಲಿ, ನಂದಿದುರ್ಗವನ್ನು ಬಲಪಡಿಸಿದ್ದು ಹೈದರನೂ ಅವನೂ ಸೇರಿ, ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿದದ್ದು 1791ರ ಅಕ್ಟೋಬರ್‌ನಲ್ಲಿ. ಕಾಲ ಬರೆಯುವ ವಿಷಯದಲ್ಲಿ ಇಷ್ಟು ತಲೆ ಓಡಿಸಿದ ದೊರೆ ಈ ಸೀಮೆಯನ್ನು ಆಳಿದ್ದಿಲ್ಲ. ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದ. ಅವನ ನಾಣ್ಯಗಳ ಮೇಲೆ ಆ ವರ್ಷಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಎಂಬುದನ್ನು ನಾವು ಓದುವ ದಿಕ್ಕಿನಲ್ಲಿ ನೋಡಿದರೆ 5121 ಎಂದು ಕಾಣುತ್ತದೆ. ಗೊತ್ತಿಲ್ಲದವರಿಗೆ ಮೂರು ಸಾವಿರ ವರ್ಷ ಮುಂದಿನ ನಾಣ್ಯ ಸಿಕ್ಕಂತಾಗುತ್ತದೆ! ನಮ್ಮ ಅರುವತ್ತು ಸಂವತ್ಸರಗಳ ಚಕ್ರವನ್ನು ಅವನು ಕೈಬಿಡಲಿಲ್ಲ, ಹೆಸರುಗಳನ್ನು ಮಾತ್ರ ಬದಲಿಸಿದ, ಅದೂ ಎರಡು ಸಲ. ಹೊಸ ಹೆಸರುಗಳ ಗುಟ್ಟು ಎಂದರೆ ಹೆಸರಿನ ಅಕ್ಷರಗಳಿಗೆ ಗೊತ್ತುಮಾಡಿದ ಬೆಲೆ ಕೂಡಿದರೆ ಚಕ್ರದಲ್ಲಿ ಆ ವರ್ಷ ಎಷ್ಟನೆಯದೆಂದು ಸಿಗುತ್ತಿತ್ತು. ಯುರೋಪಿನಲ್ಲೂ ಇಂಥ ಆಟವಿತ್ತು. ಸಮಾಧಿಯ ಮೇಲಿನ ಲ್ಯಾಟಿನ್ ವಾಕ್ಯದಲ್ಲಿ ಎಂ, ಡಿ, ಸಿ, ಎಲ್, ಎಕ್ಸ್, ವಿ, ಐಗಳನ್ನಷ್ಟೇ ದಪ್ಪವಾಗಿ ಕೆತ್ತಿ, ಅವನ್ನು ಕೂಡಿದರೆ ಸತ್ತ ಇಸವಿ ಬರುವಂತೆ ಮಾಡುತ್ತಿದ್ದರು.

ಅಕ್ಷರ ಹಾಗೂ ಪದಗಳಲ್ಲಿ ಸಂಖ್ಯೆ ಅಡಗಿಸುವ ವಿದ್ಯೆ ನಮ್ಮ ಪಂಡಿತರಿಗೆ ಹಳೆಯದು. ಭೂತಸಂಖ್ಯೆ ಎಂದು ಕರೆಯುವ ಪದ್ಧತಿಯಲ್ಲಿ ಚಂದ್ರ ಎಂದರೆ ಒಂದು, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ಗಿರಿ ಏಳು, ವಸು ಎಂಟು, ಆಕಾಶ ಸೊನ್ನೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಪದಗಳ ಪಟ್ಟಿಯೇ ಇದೆ. ಬಿಡಿಸ್ಥಾನದಿಂದ ಶುರುಮಾಡಿ ಎಡಕ್ಕೆ ಸಾಗಬೇಕು. ನೇತ್ರ-ವಸು-ಗಿರಿ-ಚಂದ್ರ ಎಂದರೆ 2, 8, 7, 1. ತಿರುಗಿಸಿದರೆ ಶಕ 1782. ಕಟಪಯಾದಿಯಲ್ಲಿ ವ್ಯಂಜನಗಳಿಗೇ ಅಂಕಿ. ಸಂಗೀತ ಕಲಿಯುವವರು ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದ ಅದರ ಸಂಖ್ಯೆ ತೆಗೆಯುವುದು ಇದರಿಂದಲೇ: ಮೇಚಕಲ್ಯಾಣಿಯ ಮ ಐದು, ಚ ಆರು, ತಿರುಗಿಸಿದರೆ 65. ಇವೂ ರೋಮನ್ ಬರಹದಂತೆ ಬಲ್ಲವರಿಗಷ್ಟೇ ತೆರೆಯುವ ಬಾಗಿಲುಗಳು, ಒಪ್ಪೋಣ. ಆದರೆ ಛಂದಸ್ಸಿಗೆ ಒಗ್ಗುತ್ತವೆ, ಬಾಯಲ್ಲಿ ನಿಲ್ಲುತ್ತವೆ. ಎಂ-ಡಿ-ಸಿಸಿಸಿ ಎಂಬುದನ್ನು ಯಾವ ಕವಿಯೂ ಪದ್ಯಕ್ಕೆ ಕೂರಿಸಲಾರ.

ಪಂಡಿತರ ಈ ಆಟ ಒಂದು ಕಡೆ. ದಿನನಿತ್ಯದ ದಾನ, ದತ್ತಿ, ಒಪ್ಪಂದಗಳ ಕಲ್ಲಿನಲ್ಲಿ ನಮ್ಮವರು ಕಾಲ ಬರೆದ ಕ್ರಮವೇ ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು. ಶಕವರ್ಷದ ಬಳಕೆ ಕನ್ನಡನಾಡಿನ ಕಲ್ಲಿನ ಮೇಲೆ 543ರ ಬಾದಾಮಿ ಬಂಡೆ ಶಾಸನದಲ್ಲಿ ಕಾಣುತ್ತದೆ, ಶಕ 465. ಮುಂದೆ ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಒಮ್ಮೊಮ್ಮೆ ಗ್ರಹಣ, ಸಂಕ್ರಾಂತಿ ಎಲ್ಲ ಸೇರಿಕೊಂಡವು. ಒಂದೇ ದಿನವನ್ನು ಐದಾರು ಬಗೆಯಲ್ಲಿ ಹೇಳುವುದು ಮೇಲುನೋಟಕ್ಕೆ ಮಾತಿನ ದುಂದು. ಆದರೆ ಒಂದು ಅಂಶ ಇನ್ನೊಂದಕ್ಕೆ ಸಾಕ್ಷಿ. ಮಳೆ ಬಿಸಿಲಿಗೆ ಕಲ್ಲಿನ ಒಂದು ಅಂಕಿ ಸವೆದರೂ ಸಂವತ್ಸರದ ಹೆಸರು ಉಳಿದಿದ್ದರೆ ವರ್ಷ ಸಿಗುತ್ತದೆ. ಎರಡೂ ಉಳಿದು ಒಂದಕ್ಕೊಂದು ಹೊಂದದಿದ್ದರೆ ಕೆತ್ತಿದವನು ತಪ್ಪಿದ್ದಾನೆ, ಓದಿದವನು ತಪ್ಪಿದ್ದಾನೆ, ಇಲ್ಲವೇ ಶಾಸನವೇ ಕೃತಕ.

ಪರೀಕ್ಷೆಯ ಲೆಕ್ಕ ಸುಲಭ. ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿದರೆ ಉಳಿದದ್ದು ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಉಳಿಯದಿದ್ದರೆ ಅರುವತ್ತನೆಯದಾದ ಅಕ್ಷಯ. ಪಂಪ ‘ಆದಿಪುರಾಣ’ವನ್ನು ಶಕ 863ರ ಪ್ಲವ ಸಂವತ್ಸರದಲ್ಲಿ ಮುಗಿಸಿದ. 863ಕ್ಕೆ 12 ಕೂಡಿದರೆ 875, ಅರುವತ್ತರಿಂದ ಭಾಗಿಸಿದರೆ ಉಳಿಯುವುದು 35. ಪ್ರಭವದಿಂದ ಮೂವತ್ತೈದನೆಯದು ಪ್ಲವವೇ. ಸಾವಿರ ವರ್ಷಕ್ಕೂ ಹಿಂದಿನ ಲೆಕ್ಕ ಇವತ್ತು ಕಾಗದದ ಚೂರಿನ ಮೇಲೆ ತಾಳೆಯಾಗುತ್ತದೆ. ತಿಥಿ ವಾರಗಳನ್ನು ಹೊಂದಿಸಲು ಇದಕ್ಕಿಂತ ದೊಡ್ಡ ಲೆಕ್ಕ ಬೇಕು; ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳು ಶಾಸನ ಸಂಶೋಧಕರಿಗೆ ಈ ಕೆಲಸ ಹಗುರ ಮಾಡಿದವು. ಕೆಲವು ಕಲ್ಲುಗಳಲ್ಲಿ ಒಂದು ವರ್ಷ ಹೆಚ್ಚುಕಡಿಮೆ ಬರುತ್ತದೆ. ಗತವರ್ಷ ಬರೆದರೋ ವರ್ತಮಾನ ವರ್ಷ ಬರೆದರೋ ಎಂಬ ಗೊಂದಲವೇ ಅದಕ್ಕೆ ಸಾಮಾನ್ಯ ಕಾರಣ.

ಈ ಒರೆಗಲ್ಲು ಮೊನಚಾದದ್ದು. ಗಂಗರ, ಬಾಣರ ಹೆಸರಿನಲ್ಲಿ ಸಿಕ್ಕ ತಾಮ್ರಪಟಗಳ ಕಾಲದ ಬಗ್ಗೆ ರೈಸ್ ಮತ್ತು ಜೆ. ಎಫ್. ಫ್ಲೀಟ್ ವರ್ಷಾನುಗಟ್ಟಲೆ ವಾದ ಮಾಡಿದರು. ಮುಳಬಾಗಿಲು ಕಡೆಯ ಮುದಿಯನೂರು ತಾಮ್ರಪಟ ತನ್ನ ಕಾಲವನ್ನು ಶಕ 261 ಎಂದು ಹೇಳಿಕೊಳ್ಳುತ್ತದೆ. ಫ್ಲೀಟ್ ಅದನ್ನು ಕೂಟಶಾಸನಗಳ ಪಟ್ಟಿಗೆ ಹಾಕಿದ. ತಾಮ್ರಪಟ ತಾನೇ ಹೇಳಿದ ವರ್ಷವೇ ಅದರ ಮೇಲೆ ಅನುಮಾನ ಹುಟ್ಟಿಸಿತು. ಅತ್ತ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹೊಲದ ಬದುಗಳಲ್ಲಿ ನಿಂತ ವೀರಗಲ್ಲುಗಳಲ್ಲಿ ವರ್ಷವೇ ಇಲ್ಲದವು ಎಷ್ಟೋ. ಅಂಥವಕ್ಕೆ ಅಕ್ಷರದ ಮಾಟ ನೋಡಿ ಕಾಲ ಕಟ್ಟಬೇಕು. ರೈಸ್ ತಲೆಬರಹದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮಾರು ಇಷ್ಟು ಎಂದು ಬರೆದು ಮುಂದೆ ಹೋಗುತ್ತಾರೆ.

ಸಂವತ್ಸರದ ಹೆಸರಿಗೂ ಒಂದು ದೊಡ್ಡ ಕೊರತೆ ಇದೆ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಕೈವಾರದ ತಾತಯ್ಯನವರು, ಅಂದರೆ ಯೋಗಿ ನಾರೇಯಣ ಯತೀಂದ್ರರು, 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರೆಂದು ಪ್ರತೀತಿ. ಅಷ್ಟು ಬಾಳಿದವರ ಜೀವಮಾನದಲ್ಲಿ ಐವತ್ತಕ್ಕೂ ಹೆಚ್ಚು ಸಂವತ್ಸರಗಳು ಎರಡೆರಡು ಸಲ ಬಂದುಹೋಗಿವೆ. ಅವರ ಕಾಲದ ಓಲೆಯಲ್ಲಿ ಬರೀ ಸಂವತ್ಸರದ ಹೆಸರಿದ್ದರೆ ಅದು ಬಾಲ್ಯದ್ದೋ ಮುಪ್ಪಿನದೋ ಎಂದು ಹೇಳುವುದು ಕಷ್ಟ. ಕಾಲಜ್ಞಾನದ ಪದಗಳಲ್ಲಿ ಸಂವತ್ಸರದ ಹೆಸರಿಗೆ ಪ್ರತಿ ತಲೆಮಾರಿನವರೂ ತಮ್ಮ ಕಾಲವನ್ನೇ ಕಂಡುಕೊಳ್ಳುವುದಕ್ಕೆ ಈ ಕೊರತೆಯೂ ಒಂದು ಅನುಕೂಲ, ಬಿಡಿ.

ಈಗ ಮುದ್ದೇನಹಳ್ಳಿಗೆ ಬರೋಣ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ ಸೆಪ್ಟೆಂಬರ್ 15 ಎಂಬುದು ಎಲ್ಲರಿಗೂ ಗೊತ್ತು. ಇಸವಿ 1860 ಎನ್ನುವವರಿದ್ದಾರೆ, 1861 ಎನ್ನುವವರೂ ಇದ್ದಾರೆ. ಅಂಚೆ ಇಲಾಖೆ ಅವರ ಶತಮಾನೋತ್ಸವದ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರಿನ್ನೂ ಬದುಕಿದ್ದಾಗಲೇ. ಇಂದಿನ ಪುಸ್ತಕಗಳಲ್ಲಿ ಹೆಚ್ಚಾಗಿ 1861. ವಿವಾದ ಬಗೆಹರಿಸುವುದು ಇಲ್ಲಿಯ ಉದ್ದೇಶವಲ್ಲ. ಈ ಎರಡು ವರ್ಷಗಳನ್ನು ಮೂರು ಬಗೆಯಲ್ಲಿ ಬರೆದು ನೋಡೋಣ. ರೋಮನ್ನಿನಲ್ಲಿ ಒಂದು ಎಂ-ಡಿ-ಸಿಸಿಸಿ-ಎಲ್-ಎಕ್ಸ್, ಇನ್ನೊಂದು ಎಂ-ಡಿ-ಸಿಸಿಸಿ-ಎಲ್-ಎಕ್ಸ್-ಐ. ವ್ಯತ್ಯಾಸ ಕೊನೆಯ ಒಂದು ಗೆರೆ. ಕಲ್ಲಿನಲ್ಲಾದರೆ ಬಿರುಕೊಂದು ಗೆರೆಯಂತೆ ಕಂಡೀತು, ಗೆರೆಯೊಂದು ಬಿರುಕಿನಂತೆ ಕಂಡೀತು. ಅಂಕಿಯಲ್ಲಿ ಸೊನ್ನೆ ಮತ್ತು ಒಂದು. ಬೇರೆ ಆಕಾರಗಳು, ಗೊಂದಲ ಕಡಿಮೆ. ನಮ್ಮ ಕ್ರಮದಲ್ಲಿ ಶಕ 1782 ರೌದ್ರಿ ಸಂವತ್ಸರ, ಶಕ 1783 ದುರ್ಮತಿ ಸಂವತ್ಸರ. ರೌದ್ರಿಯನ್ನು ದುರ್ಮತಿ ಎಂದು ಯಾರೂ ತಪ್ಪಾಗಿ ಓದಲಾರರು.

ಇದೇ 1860 ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಶಾಲಿವಾಹನ ಶಕದಲ್ಲಿ ಅದು 1860, ಬಹುಧಾನ್ಯ ಸಂವತ್ಸರ. ಯಾವ ಶಕೆ ಎಂದು ಹೇಳದೆ ಬರೀ 1860 ಎಂದು ಕೆತ್ತಿಟ್ಟರೆ ಮುದ್ದೇನಹಳ್ಳಿಯ ತೊಟ್ಟಿಲು, ವಿದುರಾಶ್ವತ್ಥದ ಗುಂಡು ಎರಡಕ್ಕೂ ಅದೇ ಅಂಕಿ. ರೋಮನ್ ಬರಹ ಕ್ರಿಸ್ತಶಕವೇ ಇರಬೇಕು ಎಂಬ ಸೂಚನೆಯನ್ನು ತನ್ನ ವೇಷದಿಂದಲೇ ಕೊಡುತ್ತದೆ. ಅದರ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೊಂದು. ಆದರೆ 1938ಕ್ಕೆ ಎಂ-ಸಿಎಂ-ಎಕ್ಸ್‌ಎಕ್ಸ್‌ಎಕ್ಸ್-ವಿ-ಐಐಐ ಎಂದು ಹತ್ತು ಅಕ್ಷರ ಬರೆದಿದ್ದರೆ, ಜಾತ್ರೆಗೆ ಬಂದು ಸ್ಮಾರಕದ ಮುಂದೆ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ವರ್ಷ ತಿಳಿದೀತು? ಕನ್ನಡವೋ ತೆಲುಗೋ ಮಾತ್ರ ಓದುವವರಿಗೆ ಇಲ್ಲಿ ಬಾಗಿಲು ಎರಡು. ಮೊದಲು ಇಂಗ್ಲಿಷ್ ಅಕ್ಷರ ಗುರುತಿಸಬೇಕು, ಆಮೇಲೆ ಕೂಡುವ ಕಳೆಯುವ ನಿಯಮ ತಿಳಿದಿರಬೇಕು.

ಒಂದು ಅಕ್ಷರ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಸಿನಿಮಾದ ಒಂದು ಪ್ರಸಂಗವಿದೆ. ಅಮೆರಿಕದ ಎಂಜಿಎಂ ಸಂಸ್ಥೆ 1954ರಲ್ಲಿ ‘ದಿ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್’ ಎಂಬ ಚಿತ್ರ ತೆಗೆಯಿತು, ಎಲಿಜಬೆತ್ ಟೇಲರ್ ನಾಯಕಿ. ಪರದೆಯ ಮೇಲೆ ಹಕ್ಕುಸ್ವಾಮ್ಯದ ಇಸವಿ ಎಂ-ಸಿಎಂ-ಎಲ್-ಐವಿ ಎಂದಿರಬೇಕಿತ್ತು. ನಡುವೆ ಒಂದು ಎಕ್ಸ್ ನುಸುಳಿ ಎಂ-ಸಿಎಂ-ಎಕ್ಸ್‌ಎಲ್-ಐವಿ ಆಯಿತು. ಒಂದು ಅಕ್ಷರ ಹೆಚ್ಚಾದದ್ದರಿಂದ ವರ್ಷ ಹತ್ತು ಕಡಿಮೆಯಾಗಿ 1944 ಎಂದಾಯಿತು. ಅಲ್ಲಿನ ಆಗಿನ ಕಾಯಿದೆಯಂತೆ ಹಕ್ಕಿನ ಅವಧಿಯನ್ನು ಪರದೆಯ ಮೇಲಿನ ಇಸವಿಯಿಂದಲೇ ಎಣಿಸಬೇಕಾಗಿ ಬಂದು, ನವೀಕರಣವೂ ಆಗದೆ, 1972ರ ಹೊತ್ತಿಗೆ ಚಿತ್ರ ಸಾರ್ವಜನಿಕರ ಸ್ವತ್ತಾಯಿತು. ಸಿನಿಮಾದವರು ಇಸವಿಯನ್ನು ರೋಮನ್ನಿನಲ್ಲಿ ಹಾಕುವುದು ಚಿತ್ರ ಹಳೆಯದೆಂದು ಪ್ರೇಕ್ಷಕರಿಗೆ ಥಟ್ಟನೆ ತಿಳಿಯಬಾರದೆಂದು ಎಂಬ ಮಾತೂ ಇದೆ. ಓದಲು ಕಷ್ಟವಾಗಲಿ ಎಂದು ಆರಿಸಿಕೊಂಡ ಬರಹವನ್ನು ಬರೆದವರೇ ತಿದ್ದಿ ನೋಡಲಿಲ್ಲ! ಪಕ್ಕದಲ್ಲೇ ಇನ್ನೊಂದು ಬಗೆಯಲ್ಲಿ ವರ್ಷ ಬರೆದಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಇಂದಿನ ನಮ್ಮ ಬಳಕೆ ಎಲ್ಲಿದೆ ಎಂದರೆ, ಚಿಕ್ಕ ಸಂಖ್ಯೆಗಳಲ್ಲಿದೆ. ಬಡಾವಣೆಯ ಫಲಕದಲ್ಲಿ ಮೂರನೇ ಮೇನು, ನಾಲ್ಕನೇ ಕ್ರಾಸು ರೋಮನ್ನಿನಲ್ಲಿ. ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮುಖ್ಯ ಪ್ರಶ್ನೆಗಳು ರೋಮನ್ನಿನಲ್ಲಿ, ಒಳಪ್ರಶ್ನೆಗಳು ಅಂಕಿಯಲ್ಲಿ. ಕನ್ನಡ ಪುಸ್ತಕಗಳ ಮುನ್ನುಡಿ ಪುಟಗಳು ಸಣ್ಣ ರೋಮನ್ ಅಕ್ಷರಗಳಲ್ಲಿ. ಸಂವಿಧಾನದ ಭಾಗಗಳೂ ಹಾಗೆಯೇ. ಇಲ್ಲಿ ಅದರಿಂದ ಉಪಕಾರವೇ ಇದೆ. ಎರಡು ಬಗೆಯ ಎಣಿಕೆ ಒಂದೇ ಪುಟದಲ್ಲಿ ಬೇರೆ ಬೇರೆ ಕಾಣಬೇಕಾದಾಗ ಎರಡು ಬರಹ ಬೇಕಾಗುತ್ತದೆ, ಹನ್ನೆರಡರವರೆಗಿನ ರೋಮನ್ ಅಂಕಿ ಗಡಿಯಾರ ನೋಡಿದ ಎಲ್ಲರಿಗೂ ಗೊತ್ತು. ಶಾಲೆಯ ಪಾಠವೂ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಸವಿ ಓದಲು ಬೇಕಾದ ಡಿ, ಎಂಗಳು ಪಟ್ಟಿಯಲ್ಲಿ ಇದ್ದರೂ ಲೆಕ್ಕಕ್ಕೆ ಬರುವುದು ಅಪರೂಪ. ನಮ್ಮ ರಾಜ್ಯಾಂಗ 343ನೇ ವಿಧಿಯಲ್ಲಿ ಒಕ್ಕೂಟದ ಅಧಿಕೃತ ಕೆಲಸಕ್ಕೆ ಗೊತ್ತುಮಾಡಿದ್ದು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು. ಊರೆಲ್ಲ ಇಂಗ್ಲಿಷ್ ಅಂಕಿ ಎನ್ನುವ 1, 2, 3ರ ಬೇರು ಎಲ್ಲಿಯದೆಂದು ಆ ವಿಧಿ ತನ್ನ ಮಾತಿನಲ್ಲೇ ಒಪ್ಪಿಕೊಂಡಿದೆ.

ಹಚ್ಚೆಯ ಸಂಗತಿ ಬೇರೆ. ಮದುವೆಯ ದಿನವನ್ನೋ ಮಗು ಹುಟ್ಟಿದ ದಿನವನ್ನೋ ಮುಂಗೈ ಮೇಲೆ ರೋಮನ್ನಿನಲ್ಲಿ ಬರೆಸಿಕೊಳ್ಳುವವರಿಗೆ ಅದು ಎಲ್ಲರೂ ಓದಬೇಕೆಂಬ ಆಸೆಯೇನಿಲ್ಲ. ನೋಡಿದವರು ಕೇಳಲಿ, ತಾವು ಹೇಳೋಣ ಎಂಬ ಖುಷಿ ಇರಬಹುದು. ತಕರಾರಿಲ್ಲ. ಚುಚ್ಚುವ ಮೊದಲು ಇಬ್ಬರು ಕೂತು ಬಿಡಿಸಿ ನೋಡಿದರೆ ಸಾಕು, ಚರ್ಮದ ಮೇಲೆ ಗೆರೆ ಅಳಿಸುವುದು ಕಲ್ಲಿಗಿಂತ ಕಷ್ಟ.

ಶಾಸನದ ಹಳೆಯ ಕ್ರಮ ಸತ್ತಿದೆ ಎಂದುಕೊಂಡವರು ಈ ಸೀಮೆಯ ಯಾವುದಾದರೂ ಲಗ್ನಪತ್ರಿಕೆ ತೆಗೆದು ನೋಡಬೇಕು. ಕನ್ನಡದ್ದಿರಲಿ, ತೆಲುಗಿನದ್ದಿರಲಿ, ಶಾಲಿವಾಹನ ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಕೊನೆಗೆ ಇಂಗ್ಲಿಷ್ ತಾರೀಖು ಎಲ್ಲವೂ ಅದರಲ್ಲಿರುತ್ತವೆ. ಕ್ಯಾಲೆಂಡರಿನ ತಾರೀಖು ಅಚ್ಚಿನಲ್ಲಿ ತಪ್ಪಿದರೆ ವಾರ ನೋಡಿ ಹಿಡಿಯುವ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಶಾಸನ ಸಂಶೋಧಕರು ಮಾಡುವುದೂ ಅದನ್ನೇ.

ಹಾಗಿದ್ದೂ ಹೊಸ ಕಟ್ಟಡಗಳ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಮಂತ್ರಿಗಳಿಂದ ಗುತ್ತಿಗೆದಾರರವರೆಗೆ ಹೆಸರುಗಳು ತುಂಬಿರುತ್ತವೆ, ಕಾಲಕ್ಕೆ ಉಳಿಯುವುದು ಮೂಲೆಯಲ್ಲಿ ಒಂದು ತಾರೀಖಿನ ಜಾಗ ಮಾತ್ರ. ಒಂದು ಸಾಲು ಹೆಚ್ಚು ಕೆತ್ತಿಸಿ ಸಂವತ್ಸರ, ವಾರಗಳನ್ನೂ ಸೇರಿಸಬಾರದೇಕೆ ಎಂದು ನನಗೆ ಅನ್ನಿಸುತ್ತದೆ. ಒಂದು ಎಚ್ಚರ ಬೇಕು. 2026 ಎಂದರೆ ಪೂರ್ತಿ ಪರಾಭವವಲ್ಲ. ಆ ವರ್ಷದ ಯುಗಾದಿ ಮಾರ್ಚ್ 19ಕ್ಕೆ. ಜನವರಿಯಲ್ಲಿ ಗುದ್ದಲಿಪೂಜೆ ಮಾಡಿದ ಕಟ್ಟಡಕ್ಕೆ ವಿಶ್ವಾವಸು ಸಂವತ್ಸರ, ಶಕ 1947 ಎಂದೇ ಬರೆಸಬೇಕು, ಏಪ್ರಿಲ್‌ನದಕ್ಕೆ ಪರಾಭವ, ಶಕ 1948. ಕಲ್ಲುಕುಟಿಗನಿಗೆ ಚೀಟಿ ಕೊಡುವ ಮುಂಚೆ ಊರಿನ ಪುರೋಹಿತರನ್ನೂ ಶಾಲೆಯ ಗಣಿತ ಮೇಷ್ಟ್ರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಕೇಳಿದರೆ ಇಬ್ಬರ ಲೆಕ್ಕವೂ ತಾಳೆಯಾಗುತ್ತದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.